ಹಬ್ಬದ ಜಾಹೀರಾತೂ ನಮ್ಮ ಬಾಲ್ಯವೂ

(ಕೃಷ್ಣರಾಜಪೇಟೆಯಲ್ಲಿ ಯುವಜನರ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ಸಂಜೆಯ ವಿಷಯವನ್ನು ಕೇಳಿ ಹಿರಿಯರೊಬ್ಬರು ನನ್ನನ್ನು ಬಸ್ಸು ನಿಲ್ಲುವ ಕಡೆಯಲ್ಲೇ ತಡೆದರು. "ಅಲ್ಲ ಕಣಪ್ಪ, ಹೇಮಾವತಿ ನಾಲೇಲಿ ನೀರು ಯಾವಾಗ ಬತ್ತದೆ, ಕಬ್ಬಿಗೆ ಟನ್ನಿಗೆಷ್ಟು ಕೊಡ್ತಾರೆ ಅಂತ ಕೇಳೋದು ಬಿಟ್ಟು, ಸೋಪಿನ ಪುಡಿ ಹಾಡಿನ ಮೇಲೆ ಭಾಷಣವಾ?" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಅದೇ ಹಿರಿಯರ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಕಳೆದ ದೀಪಾವಳಿಗೆ ಊರಿಗೆ ಬಂದಾಗ ಜಗುಲಿಯ ಮೇಲೆ ಕುಳಿತು ಫೋನಿನಲ್ಲಿ ದೂರದರ್ಶನದ ಹಳೆಯ ಜಾಹೀರಾತುಗಳನ್ನು ಒಂದಾದ ಮೇಲೊಂದರಂತೆ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ. ಐವತ್ತರ ಹತ್ತಿರ ಬಂದ ಗಂಡಸು ಒಂದು ಬಟ್ಟೆ ಒಗೆಯುವ ಪುಡಿಯ ಹಾಡಿಗೆ ಅಳುವುದೆಂದರೆ ಅದು ಸಣ್ಣ ವಿಷಯವಲ್ಲ. ಅವನು ಅತ್ತದ್ದು ಯಾವುದಕ್ಕೆ, ಆ ಅಳುವಿನ ಲಾಭ ಯಾರಿಗೆ ಎಂಬುದನ್ನು ವಿಚಾರಮಾಡುವುದೂ ರಾಜಕೀಯದ ಕೆಲಸವೇ ಎಂದು ನನ್ನ ತಿಳಿವಳಿಕೆ.

ಈ ರೋಗ, ರೋಗವೆಂದು ಕರೆಯಬಹುದಾದರೆ, ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ ಟಿವಿಯ ಮೊದಲ ಜಾಹೀರಾತು 1955ರ ಸೆಪ್ಟೆಂಬರ್ 22ರಂದು ಪ್ರಸಾರವಾಯಿತು. ಅದು ಹಲ್ಲುಜ್ಜುವ ಪೇಸ್ಟಿನದು. ಇಂದು ಅಲ್ಲಿ ಕ್ರಿಸ್ಮಸ್ ಬಂತೆಂದರೆ ದೊಡ್ಡ ಅಂಗಡಿಗಳು ಬಿಡುಗಡೆಮಾಡುವ ಹೊಸ ಜಾಹೀರಾತಿಗೆ ಜನ ಸಿನಿಮಾಕ್ಕೆ ಕಾಯುವಂತೆ ಕಾಯುತ್ತಾರೆ. ಅಮೆರಿಕದ ಕೋಕಾ ಕೋಲಾ ಕಂಪೆನಿ 1931ರಿಂದ ಹ್ಯಾಡನ್ ಸಂಡ್‌ಬ್ಲಾಮ್ ಎಂಬ ಚಿತ್ರಕಾರನಿಂದ ಕ್ರಿಸ್ಮಸ್ ತಾತನ ಚಿತ್ರಗಳನ್ನು ಬರೆಸಿತು. ಕೆಂಪು ನಿಲುವಂಗಿ ಆ ತಾತನಿಗೆ ಮೊದಲೇ ಇತ್ತು, ಅದನ್ನು ಕಂಪೆನಿ ಹೊಲಿಸಿದ್ದಲ್ಲ. ಆದರೆ ಲೋಕದ ಮಕ್ಕಳೆಲ್ಲರ ಕಣ್ಣಿನಲ್ಲಿ ಒಂದೇ ಮುಖ, ಒಂದೇ ಗಡ್ಡ, ಒಂದೇ ನಗು ನಿಲ್ಲುವಂತೆ ಮಾಡಿದ್ದು ಕಂಪೆನಿಯ ಹಣ. 1995ರಲ್ಲಿ ಅದೇ ಕಂಪೆನಿ, ದೀಪ ಹಚ್ಚಿದ ಕೆಂಪು ಲಾರಿಗಳು ಹಿಮದ ನಡುವೆ ಊರೊಳಕ್ಕೆ ಬರುವ ಜಾಹೀರಾತನ್ನು ತೋರಿಸಿತು. ಅದನ್ನು ಕಂಡು ಬೆಳೆದ ಮಕ್ಕಳಿಗೆ ಆ ಲಾರಿ ಬಂದರೇ ಹಬ್ಬ. 2024ರಲ್ಲಿ ಕಂಪೆನಿ ಆ ಚಿತ್ರವನ್ನು ಯಂತ್ರಬುದ್ಧಿಯಿಂದ ಹೊಸದಾಗಿ ಮಾಡಿಸಿದಾಗ ಜನ ಸಿಟ್ಟಾದರು: ನಮ್ಮ ಬಾಲ್ಯವನ್ನು ಕೆಡಿಸಿದಿರಿ ಎಂದು. ಗಮನಿಸಿ, ಅವರು ಹೇಳಿದ್ದು ನಿಮ್ಮ ಜಾಹೀರಾತನ್ನು ಎಂದಲ್ಲ, ನಮ್ಮ ಬಾಲ್ಯವನ್ನು ಎಂದು. ಮಾರುವವನ ಸರಕು ಕೊಳ್ಳುವವನ ಎದೆಯೊಳಗೆ ಎಷ್ಟು ದೂರ ಹೋಗಿ ಕುಳಿತಿದೆ ನೋಡಿ!

ಇನ್ನು ನಮ್ಮ ಕಡೆಗೆ ಬರೋಣ.

ಭಾರತದಲ್ಲಿ ಟಿವಿ ಪ್ರಾರಂಭವಾದದ್ದು ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಮೊದಲ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಅದರಲ್ಲಿ ಜಾಹೀರಾತೇ ಇರಲಿಲ್ಲ. ಇದನ್ನು ಇಂದಿನ ಹುಡುಗರು ನಂಬುವುದಿಲ್ಲ. ಅಷ್ಟೇ ಅಲ್ಲ, ನಮ್ಮ ನಾಡಿನ ಹಳ್ಳಿಗಳು ಟಿವಿ ಕಂಡದ್ದು ಬೆಂಗಳೂರಿಗಿಂತ ಮುಂಚೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಅದೃಷ್ಟ ಬಂತು. ಪೆಟ್ಟಿಗೆ ಯಾರೊಬ್ಬರ ಮನೆಯದೂ ಅಲ್ಲ, ಊರಿನದು. ಬೆಳಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಹಾಡು, ಕುಣಿತ. ಮಾರಾಟದ ಮಾತು ಒಂದೂ ಇಲ್ಲ. ಆ ಜಿಲ್ಲೆಗಳ ಅಂದಿನ ಮಕ್ಕಳ ಟಿವಿ ನೆನಪಿನಲ್ಲಿ ಸೋಪಿಗೆ ಜಾಗವಿಲ್ಲ. ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ತೆಗೆದುಕೊಂಡರು.

ಅದೇ ಪ್ರಯೋಗ ನಡೆಯುತ್ತಿದ್ದಾಗಲೇ, ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಜನವರಿ 1ರಿಂದ ದೂರದರ್ಶನದಲ್ಲಿ ಜಾಹೀರಾತು ಪ್ರಾರಂಭವಾಯಿತು. ರೇಡಿಯೊದವರು ಈ ಕೆಲಸವನ್ನು ವಿವಿಧಭಾರತಿಯಲ್ಲಿ 1967ರಲ್ಲೇ ಪ್ರಾರಂಭಿಸಿದ್ದರು. 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಬೆಂಗಳೂರು ಕೇಂದ್ರ ಬಂತು. 1982ರಲ್ಲಿ ಬಣ್ಣ ಬಂತು. 1984ರ ಹೊತ್ತಿಗೆ ದೇಶದಲ್ಲಿ ದಿನಕ್ಕೊಂದರಂತೆ ಪ್ರಸಾರದ ಕಂಬ ನೆಡುವ ಭರಾಟೆ. ರೇಡಿಯೊ, ಟಿವಿ ಇಟ್ಟವರು ಅಂಚೆ ಕಚೇರಿಯಲ್ಲಿ ವರ್ಷವರ್ಷ ಕಟ್ಟುತ್ತಿದ್ದ ಲೈಸೆನ್ಸಿನ ಹಣವನ್ನು ಎಂಬತ್ತರ ದಶಕದ ನಡುವೆ ಸರಕಾರ ತೆಗೆದುಹಾಕಿತು. ಜನ ಸಂತೋಷಪಟ್ಟರು. ಆದರೆ ಬಿಟ್ಟಿ ಎಂಬುದು ಲೋಕದಲ್ಲಿ ಇಲ್ಲ. ಮನೆಯವನು ಕೊಡುವುದನ್ನು ನಿಲ್ಲಿಸಿದ ಮೇಲೆ ಆ ಜಾಗಕ್ಕೆ ಕಂಪೆನಿ ಬಂದು ಕುಳಿತಿತು. ಹಣ ಕೊಟ್ಟವನಿಗೆ ಮಾತಿನ ಹಕ್ಕು.

ಕುಟುಂಬಯೋಜನೆಯ ಪ್ರಚಾರಕ್ಕೆಂದು ಯೋಚಿಸಿ ಮಾಡಿದ "ಹಮ್ ಲೋಗ್" ಎಂಬ ಧಾರಾವಾಹಿ 1984ರ ಜುಲೈಯಲ್ಲಿ ಪ್ರಾರಂಭವಾಯಿತು. ಅದರ ಖರ್ಚನ್ನು ಹೊತ್ತದ್ದು ಎರಡೇ ನಿಮಿಷದಲ್ಲಿ ಬೇಯುವ ಮ್ಯಾಗಿಯನ್ನು ಆಗತಾನೆ ತಂದಿದ್ದ ಕಂಪೆನಿ. ಕಥೆ ಮುಗಿಯುವಷ್ಟರಲ್ಲಿ ಕುಟುಂಬಯೋಜನೆ ಎಷ್ಟು ಹರಡಿತೋ ದೇವರೇ ಬಲ್ಲ, ಮ್ಯಾಗಿ ಮಾತ್ರ ಹರಡಿತು. ಸರಕಾರವೇ ನೇಮಿಸಿದ್ದ ಪಿ. ಸಿ. ಜೋಶಿಯವರ ಸಮಿತಿ ಇದೇ ಸುಮಾರಿಗೆ ವರದಿಯನ್ನು ಕೊಟ್ಟು, ಬಡವರ ದೇಶದ ಟಿವಿ ಉಳ್ಳವರ ಬಯಕೆಗಳ ಪ್ರದರ್ಶನವಾಗುತ್ತಿದೆ ಎಂದು ಎಚ್ಚರಿಸಿತು. ಸರಕಾರಗಳು ವರದಿಗಳನ್ನು ಏನು ಮಾಡುತ್ತವೆಯೋ ಅದನ್ನೇ ಆ ವರದಿಗೂ ಮಾಡಿದವು.

ಈಗ ಕಿಕ್ಕೇರಿ ಹೋಬಳಿಯ ನಮ್ಮ ಊರಿನ ಮಾತು. ಇಂಥ ಊರುಗಳು ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯಲ್ಲೂ ಬೇಕಾದಷ್ಟಿದ್ದವು. ಊರಿಗೆಲ್ಲ ಒಂದೋ ಎರಡೋ ಟಿವಿ. ಅದು ನಾಲೆಯ ಬಯಲಿನಲ್ಲಿ ಗದ್ದೆ ಇದ್ದವರ ಮನೆ. ಹೆಂಚಿನ ಮೇಲೆ ಎತ್ತರದ ಕಬ್ಬಿಣದ ಕೊಳವೆಗೆ ಕಟ್ಟಿದ ಆಂಟೆನಾ, ಅದನ್ನು ತಿರುಗಿಸಲು ಒಬ್ಬ ಹುಡುಗ ಮಾಡಿನ ಮೇಲೆ, "ಬಂತಾ?" ಎಂದು ಅವನು, "ಇನ್ನೂ ಸ್ವಲ್ಪ" ಎಂದು ಒಳಗಿನವರು. 1987ರ ಜನವರಿಯಿಂದ 1988ರ ಜುಲೈವರೆಗೆ ರಾಮಾಯಣ, 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ಮಹಾಭಾರತ. ಭಾನುವಾರ ಬೆಳಗ್ಗೆ ಆಲೆಮನೆಯಲ್ಲಿ ಕೊಪ್ಪರಿಗೆಯ ಉರಿ ತಗ್ಗಿಸಿ ಬಂದು ಕೂರುವವರಿದ್ದರು. ಪೆಟ್ಟಿಗೆಗೆ ಹೂ ಮುಡಿಸಿ ಊದುಬತ್ತಿ ಹಚ್ಚುವವರಿದ್ದರು. ಆದರೆ ರಾಮ ಬರುವುದಕ್ಕೆ ಮುಂಚೆ ಬರುತ್ತಿದ್ದದ್ದು ಯಾರು? ಪೇಸ್ಟು, ಸೋಪು, ಚಹಾಪುಡಿ, ಸ್ಕೂಟರು. ಹಚ್ಚಿದ ಊದುಬತ್ತಿಯ ಹೊಗೆ ಮೊದಲು ಅವಕ್ಕೆ, ಆಮೇಲೆ ರಾಮನಿಗೆ.

ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನೂ ಹೇಳಬೇಕು. ಹಳೆಯದನ್ನು ನೆನೆದು ಕಣ್ಣೀರಿಡುವವರು ಇದನ್ನು ಹೇಳುವುದಿಲ್ಲ. ಮನೆಯವರು ಮಂಚದ ಮೇಲೆ, ನೆಂಟರು ಚಾಪೆಯ ಮೇಲೆ, ಒಕ್ಕಲು ಮಕ್ಕಳು ನಡುಮನೆಯ ನೆಲದ ಮೇಲೆ. ಕೇರಿಯ ಮಕ್ಕಳು ಕಿಟಕಿಯ ಆಚೆಗೆ, ಸರಳು ಹಿಡಿದು, ಒಬ್ಬರ ಹೆಗಲ ಮೇಲೊಬ್ಬರು. ಅದೇ ಹಾಡು, ಅದೇ ಬಣ್ಣ, ಅದೇ ಭಾನುವಾರ. ಕಿಟಕಿಯ ಈಚೆಗೆ ಕುಳಿತವನ ಬಾಲ್ಯವೂ ಆಚೆಗೆ ನಿಂತವನ ಬಾಲ್ಯವೂ ಒಂದೇ ಎಂದು ಹೇಳುವ ಧೈರ್ಯ ನನಗಿಲ್ಲ. ಆ ಕಿಟಕಿಯ ಆಚೆಗೆ ನಿಂತಿದ್ದವರಲ್ಲಿ ಒಬ್ಬರು ಈಗ ಮೇಷ್ಟರಾಗಿದ್ದಾರೆ. ಅವರು ಒಮ್ಮೆ ನನಗೆ ಹೇಳಿದರು: "ನನಗೆ ಆ ಜಾಹೀರಾತುಗಳ ಮಾತು ನೆನಪಿಲ್ಲ ಸಾರ್, ಒಳಗೆ ಕೂತಿದ್ದೋರು ಎದ್ದುನಿಂತಾಗ ಕಾಣದೆ ಹೋಗ್ತಿತ್ತಲ್ಲ, ಅದೇ ನೆನಪು."

ಆ ಜಾಹೀರಾತುಗಳು ಹೆಚ್ಚಾಗಿ ಹಿಂದಿಯಲ್ಲಿ. ನಮ್ಮ ತಾಲ್ಲೂಕಿನ ಮಕ್ಕಳು ಕಲಿತ ಮೊದಲ ಹಿಂದಿ ಪಾಠಪುಸ್ತಕದ್ದಲ್ಲ, ಸೋಪಿನದು. ಅರ್ಥ ತಿಳಿಯದೆಯೇ ಬಾಯಿಪಾಠ. ಗೋಕಾಕ್ ಚಳವಳಿ ನಡೆದು ನಾಲ್ಕೈದು ವರ್ಷವೂ ಆಗಿರಲಿಲ್ಲ. ಬೀದಿಯಲ್ಲಿ ಕನ್ನಡಕ್ಕಾಗಿ ಕೂಗಿದ ನಾಡು ನಡುಮನೆಯಲ್ಲಿ ಕುಳಿತು ಹಿಂದಿಯ ಹಾಡನ್ನು ಗುನುಗುತ್ತಿತ್ತು. ಬೆಂಗಳೂರು ಕೇಂದ್ರದಲ್ಲಿ ಕೆಲವು ಕನ್ನಡದಲ್ಲಿ ಬರುತ್ತಿದ್ದವು ನಿಜ, ಆದರೆ ತುಟಿಯೊಂದು ಕಡೆ, ಮಾತೊಂದು ಕಡೆ.

ಸರಕಿನ ಮಾತಿಗೆ ಬಂದರೆ ನಿರ್ಮಾ ಪುಡಿಯ ಕಥೆಯನ್ನು ಬಿಡುವಂತಿಲ್ಲ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಎಂಬ ರಸಾಯನಶಾಸ್ತ್ರಜ್ಞ 1969ರಲ್ಲಿ ಮನೆಯಲ್ಲೇ ಪುಡಿ ಕಲಸಿ, ಸೈಕಲ್ಲಿನ ಮೇಲೆ ಹೊತ್ತು ಮನೆಮನೆಗೆ ಮಾರಿದ. ಮಗಳು ನಿರುಪಮಾಳ ಹೆಸರನ್ನೇ ಅದಕ್ಕೆ ಇಟ್ಟ. ವಿದೇಶೀ ಮೂಲದ ದೊಡ್ಡ ಕಂಪೆನಿಯ ಸರ್ಫ್‌ಗಿಂತ ಅದು ಎಷ್ಟೋ ಅಗ್ಗವಾಗಿತ್ತು. ಅದುವರೆಗೆ ಬಾರ್ ಸೋಪನ್ನು ತುಂಡುಮಾಡಿ ವಾರವಿಡೀ ಉಳಿಸಿ ಬಳಸುತ್ತಿದ್ದ ನಮ್ಮ ತಾಯಂದಿರು, ಸೌಳು ಮಣ್ಣಿನಲ್ಲಿ ಬಟ್ಟೆ ಬೇಯಿಸುತ್ತಿದ್ದ ಮಡಿವಾಳರು, ಪುಡಿಯ ಮುಖ ಕಂಡದ್ದು ಇದರಿಂದ. ದೊಡ್ಡ ಕಂಪೆನಿ ನಡುಗಿತು. ಆಗ ಹುಟ್ಟಿದಾಕೆ ಲಲಿತಾಜಿ, ಸೀರೆ ಉಟ್ಟ, ತರಕಾರಿಯನ್ನು ಚೌಕಾಸಿ ಮಾಡಿ ಕೊಳ್ಳುವ, ಮುಖದಲ್ಲಿ ನಗುವಿಲ್ಲದ ಗೃಹಿಣಿ. ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ವ್ಯತ್ಯಾಸವುಂಟು ಎಂದು ಆಕೆ ದೇಶಕ್ಕೆಲ್ಲ ಪಾಠ ಹೇಳಿದಳು. ಆ ಪಾತ್ರ ಮಾಡಿದ ಕವಿತಾ ಚೌಧರಿ 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಮನೆಯ ಹಿರಿಯಳೊಬ್ಬಳು ಹೋದಂತೆ ಜನ ದುಃಖಪಟ್ಟರು. ಒಂದು ವಿಷಯ ಹೇಳುತ್ತೇನೆ, ಆಕೆಯನ್ನು ಕಂಡರೆ ನನಗೂ ಇಷ್ಟವೇ. ದುಡ್ಡನ್ನು ಎಣಿಸಿ ಖರ್ಚುಮಾಡುವ ಹೆಂಗಸನ್ನು ಅಷ್ಟು ಗೌರವದಿಂದ ತೋರಿಸಿದವರು ಕಡಮೆ. ಆದರೆ ಆಕೆಯ ಮಾತಿನ ಗುರಿ ಏನು? ಬಡವಳು ಕೊಳ್ಳಬಲ್ಲ ಪುಡಿಯನ್ನು ಬಿಟ್ಟು ದುಬಾರಿಯದನ್ನು ಕೊಳ್ಳಿ ಎಂಬುದು.

ಹಬ್ಬ ಹತ್ತಿರ ಬಂದಂತೆ ಜಾಹೀರಾತಿನ ಸುಗ್ಗಿ. ಅವರ ಕ್ರಿಸ್ಮಸ್ಸು ಹೇಗೋ ನಮ್ಮ ದಸರೆ, ದೀಪಾವಳಿ ಹಾಗೆ. ಗೋಡೆಗೆ ಬಣ್ಣ, ಮೈಗೆ ಹೊಸಬಟ್ಟೆ, ನೆಂಟರಿಗೆ ಮಿಠಾಯಿ ಡಬ್ಬಿ, ಬಾಗಿಲಿಗೆ ಸ್ಕೂಟರು. ತೆರೆಯ ಮೇಲಿನ ಅಪ್ಪ ಎಂದೂ ಬರಿಗೈಯಲ್ಲಿ ಬರುವುದಿಲ್ಲ. ನಮ್ಮ ಕಡೆ ಹಬ್ಬದ ಲೆಕ್ಕವೇ ಬೇರೆ ಇತ್ತಲ್ಲ. ಕಬ್ಬಿನ ಬಟವಾಡೆ ಬಂದರೆ ಹಬ್ಬ, ಬಾರದಿದ್ದರೆ ಸಾಲದ ಹಬ್ಬ. ಸಂತೆಬಾಚಹಳ್ಳಿಯ ಕಡೆಯ ಬೆದ್ದಲು ಭೂಮಿಯವನಿಗೆ ರಾಗಿ ಕೊಯ್ಲಿಗೆ ಮುಂಚೆ ಕೈಯಲ್ಲಿ ಕಾಸೆಲ್ಲಿ? ಕಾರ್ಖಾನೆಯ ಹಣಕ್ಕೆ ಕಾದು ಕಾದು ನಮ್ಮ ಮನೆಗೆ ಒಂದು ವರ್ಷ ದೀಪಾವಳಿಗೆ ಬಂದದ್ದು ಕಡಲೆಬೇಳೆ, ಬೆಲ್ಲ, ಒಂದು ಪೊಟ್ಟಣ ಪಟಾಕಿ. ಟಿವಿ ನೋಡಿ ಬಂದ ನನ್ನ ತಂಗಿ ಅವ್ವನನ್ನು ಕೇಳಿದಳು, "ನಮ್ಮಪ್ಪ ಯಾಕೆ ಡಬ್ಬಿ ತರಲ್ಲ?" ಅವ್ವ ಒಬ್ಬಟ್ಟು ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಡಬ್ಬಿ ತರೋರು ಒಬ್ಬಟ್ಟು ತಟ್ಟಲ್ಲ ಕಣವ್ವ" ಎಂದಳು. ಮಗುವಿಗೆ ಆ ಉತ್ತರ ಸಾಲಲಿಲ್ಲ. ಅಪ್ಪನಿಗೆ ಆ ಪ್ರಶ್ನೆ ಕೇಳಿಸಿತು.

ಜಾಹೀರಾತು ಮಾಡುವ ಮುಖ್ಯ ಕೆಲಸ ಇದೇ. ಸೋಪು ಮಾರುವುದು ಅದರ ಅರ್ಧ ಕೆಲಸ. ಉಳಿದ ಅರ್ಧ, ಕೊಳ್ಳಲಾರದವನಿಗೆ ಮಗುವಿನ ಮುಂದೆ ನಾಚಿಕೆ ಹುಟ್ಟಿಸುವುದು. ಬಡತನ ನಮ್ಮಲ್ಲಿ ಹಿಂದೆಯೂ ಇತ್ತು. 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ಎದ್ದುನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಲೆಕ್ಕ ಕೇಳಿದ್ದು ಅದಕ್ಕೇ. ಆದರೆ ಮೂರಾಣೆಯವನಿಗೆ ತನ್ನ ಮನೆಯ ಬೆಲ್ಲದ ಬಗ್ಗೆ ನಾಚಿಕೆ ಇರಲಿಲ್ಲ. ಮಂಡ್ಯ ಸೀಮೆಯ ಬೆಲ್ಲ ಹೊತ್ತ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದ ಊರಿನ ಮಕ್ಕಳು, ಅಚ್ಚಿನ ಬಿಸಿ ಬೆಲ್ಲವನ್ನು ಬಿಟ್ಟು ಬಣ್ಣದ ಕಾಗದದ ಚಾಕಲೇಟಿಗೆ ಬಾಯಿಬಿಡುವಂತಾದದ್ದು ಒಂದು ಹತ್ತು ವರ್ಷದ ಒಳಗೆ.

ಹಾಗಾದರೆ ಇದೆಲ್ಲ ಬರಿಯ ಬಂಡವಾಳಗಾರರ ಮೋಸ, ಆ ನೆನಪನ್ನು ಕಿತ್ತೊಗೆಯಿರಿ ಎಂದು ಹೇಳುವುದೆ? ಹಾಗೆ ಹೇಳುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರೊಡನೆ ನನಗೆ ಒಪ್ಪಿಗೆಯಿಲ್ಲ. ಜಗುಲಿಯ ಮೇಲೆ ಕಣ್ಣೊರೆಸಿಕೊಂಡವನನ್ನು ನೀನು ನೆನೆಯುತ್ತಿರುವುದು ಪುಡಿಯನ್ನೋ ಎಂದು ಕೇಳಿ ನೋಡಿ. ಅಲ್ಲ ಎನ್ನುತ್ತಾನೆ. ಆ ಹೊತ್ತಿನಲ್ಲಿ ಅವನ ಅಜ್ಜಿ ಬದುಕಿದ್ದಳು. ನಲವತ್ತು ಜನ ಒಂದು ಹಜಾರದಲ್ಲಿ ಮೈಗೆ ಮೈ ತಾಗಿಸಿ ಕುಳಿತಿದ್ದರು. ಕರೆಂಟು ಹೋದಾಗ ಎಲ್ಲರೂ ಒಟ್ಟಿಗೆ "ಅಯ್ಯೋ" ಎನ್ನುತ್ತಿದ್ದರು, ಬಂದಾಗ ಒಟ್ಟಿಗೆ ಕೂಗುತ್ತಿದ್ದರು. ಚಾನೆಲ್ಲು ಒಂದೇ ಆದದ್ದರಿಂದ ಮಾರನೆಯ ದಿನ ಶಾಲೆಯಲ್ಲಿ, ಗದ್ದೆಯಲ್ಲಿ, ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಮಾತು. ಆ ಕೂಡಿ ಕೂರುವಿಕೆಯನ್ನು ಯಾವ ಕಂಪೆನಿಯೂ ತಯಾರಿಸಲಿಲ್ಲ, ಅದು ಊರಿನದು. ಕಂಪೆನಿ ಮಾಡಿದ್ದು ಇಷ್ಟೆ: ಆ ಕೂಟದ ನಡುವೆ ತನ್ನ ಹೆಸರನ್ನು ಕೆತ್ತಿ ಹೋಯಿತು, ದೇವಸ್ಥಾನದ ಕಲ್ಲುಚಪ್ಪಡಿಯ ಮೇಲೆ ದಾನಿಯ ಹೆಸರಿರುವ ಹಾಗೆ. ನಲವತ್ತು ವರ್ಷದ ಮೇಲೆ ನಾವು ಹಜಾರವನ್ನು ಮರೆತು ಹೆಸರನ್ನು ಓದುತ್ತಿದ್ದೇವೆ.

ಆ ಹೆಸರನ್ನು ನಮಗೇ ಮತ್ತೆ ಮಾರುತ್ತಿದ್ದಾರೆ ಎಂಬುದು ಈಚಿನ ಸಂಗತಿ. 1977ರಲ್ಲಿ ಜನತಾ ಸರಕಾರ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಜಾರ್ಜ್ ಫರ್ನಾಂಡಿಸರು ಕೈಗಾರಿಕಾ ಮಂತ್ರಿಗಳು. ವಿದೇಶೀ ವಿನಿಮಯದ ಕಾನೂನಿಗೆ ಒಳಪಡು, ಇಲ್ಲವೆ ನಡೆ ಎಂದದ್ದಕ್ಕೆ ಕೋಕಾ ಕೋಲಾ ಗಂಟುಕಟ್ಟಿತು. ಸರಕಾರದ ವತಿಯಿಂದಲೇ "77" ಎಂಬ ಪಾನೀಯ ತಂದರು, ಅದು ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ, ವಿದೇಶೀ ಸಕ್ಕರೆನೀರಿಗೆ ಬದಲು ಸರಕಾರೀ ಸಕ್ಕರೆನೀರು ತಯಾರಿಸುವುದು ಸಮಾಜವಾದದ ಕೆಲಸವೆಂದು ನನಗೆ ಎಂದೂ ಅನ್ನಿಸಿಲ್ಲ. ಅದೇನೇ ಇರಲಿ, ಮುಂದಿನ ಹದಿನೈದು ವರ್ಷ ಮಕ್ಕಳು ಕಂಡದ್ದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಕ್ಯಾಂಪಾ. 1993ರಲ್ಲಿ ಕೋಕಾ ಕೋಲಾ ಹಿಂದಿರುಗಿ ಅವುಗಳಲ್ಲಿ ಮೊದಲ ಮೂರನ್ನು ಕೊಂಡುಕೊಂಡಿತು. ಕ್ಯಾಂಪಾ ಸತ್ತಂತೆ ಬಿದ್ದಿತ್ತು. 2022ರಲ್ಲಿ ರಿಲಯನ್ಸ್ ಅದನ್ನು ಕೊಂಡು 2023ರಲ್ಲಿ ಮತ್ತೆ ಅಂಗಡಿಗೆ ತಂದಿತು. ಆ ಹೆಸರು ಕೇಳಿ ಕೊಂಡವರೆಷ್ಟು ಮಂದಿ ಬಾಟಲಿನಲ್ಲಿ ತಮ್ಮ ಬಾಲ್ಯವನ್ನು ಹುಡುಕಿದರೋ! ತೊಂಬತ್ತರ ದಶಕದಲ್ಲಿ ಹುಡುಗಿಯೊಬ್ಬಳು ಕ್ರಿಕೆಟ್ ಮೈದಾನಕ್ಕೆ ನುಗ್ಗಿ ಕುಣಿಯುವ ಚಾಕಲೇಟಿನ ಜಾಹೀರಾತೊಂದಿತ್ತು. 2021ರಲ್ಲಿ ಅದನ್ನು ತಿರುಗಿಸಿ, ಆಡುವವಳು ಹುಡುಗಿ, ಕುಣಿಯುವವನು ಹುಡುಗ ಎಂದು ಮಾಡಿದರು. ಒಳ್ಳೆಯ ಬದಲಾವಣೆಯೇ. ಆದರೆ ಅದು ಮುಟ್ಟಿದ್ದು ಹಳೆಯದನ್ನು ನೆನೆಯಬಲ್ಲವರ ಎದೆಯನ್ನು. ನೆನಪೂ ಈಗ ಕಚ್ಚಾಮಾಲು.

ನಮ್ಮವೇ ಆದ ಜಾಹೀರಾತುಗಳಿರಲಿಲ್ಲವೆ? ಇದ್ದವು. ಹೇಳದಿದ್ದರೆ ಅನ್ಯಾಯವಾದೀತು. ಮೈಸೂರು ಸರಕಾರ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹಾಕಿ, ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿ ಸೋಪು ಮಾಡುವ ವಿದ್ಯೆ ಕಲಿಸಿ, 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರತಂದಿತು. ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರ 1961ರಿಂದ, ಮದುವೆಯ ಗಂಡಿಗೆ ಕೊಡುವ ವಸ್ತು. ಕಾರ್ಮಿಕರ ಕೈ ತಯಾರಿಸಿದ ಆ ಗಡಿಯಾರವನ್ನು 2016ರಲ್ಲಿ ಕೇಂದ್ರ ಸರಕಾರ ಮುಚ್ಚಿತು. ಈಗ ಅದರ ಹಳೆಯ ಮಾದರಿಗಳನ್ನು ಹುಡುಕಿ ಕೊಳ್ಳುವ ಶೋಕಿ ಹುಟ್ಟಿದೆ. ಬದುಕಿದ್ದಾಗ ಕೇಳದೆ, ಸತ್ತ ಮೇಲೆ ಹಾರ. ನಂದಿನಿ ಹಾಲಿನ ಜಾಹೀರಾತಿನಲ್ಲಿ ರಾಜ್‌ಕುಮಾರ್ ಕಾಣಿಸಿಕೊಂಡರು, ಸಂಭಾವನೆ ತೆಗೆದುಕೊಳ್ಳಲಿಲ್ಲ. ಅವರ ಮಗ ಪುನೀತ್ ಕೂಡ ಹಾಗೆಯೇ ನಡೆದರು. ಆ ಹಾಲು ನಮ್ಮ ತಾಲ್ಲೂಕಿನ ಹೆಂಗಸರು ಬೆಳಗ್ಗೆ ಡೇರಿಗೆ ಹಾಕಿ, ಗೆಜ್ಜಲಗೆರೆಗೆ ಹೋದ ಹಾಲು. ತೆರೆಯ ಮೇಲೆ ಅದನ್ನು ಕಂಡಾಗ ನಮ್ಮೂರಿನ ಮುದುಕಿಯೊಬ್ಬಳು "ನಮ್ ಹಸಿನ ಹಾಲು" ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಇದಕ್ಕೆ ಎದುರಾಗಿ ನೋಡಿ: 2025ರ ಮೇ ತಿಂಗಳಲ್ಲಿ ಅದೇ ಮೈಸೂರು ಸ್ಯಾಂಡಲ್ ಸೋಪಿಗೆ ಮುಂಬಯಿಯ ತಾರೆ ತಮನ್ನಾ ಭಾಟಿಯಾರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಜ್ಯ ಸರಕಾರ ಗೊತ್ತುಮಾಡಿತು. ಕನ್ನಡದವರು ಸಿಕ್ಕಲಿಲ್ಲವೆ ಎಂದು ಗಲಾಟೆಯಾಯಿತು. ನನ್ನ ಪ್ರಶ್ನೆ ಯಾವ ಊರಿನವರು ಎಂಬುದಲ್ಲ. ಆ ಹಣವನ್ನು ಕೊಡುವ ಮುಂಚೆ ಸೋಪು ತಯಾರಿಸುವ ಕೆಲಸಗಾರರನ್ನು, ಶ್ರೀಗಂಧ ಬೆಳೆಯುವ ರೈತನನ್ನು ಯಾರಾದರೂ ಕೇಳಿದರೆ? ಸಾರ್ವಜನಿಕ ಕಾರ್ಖಾನೆಯೂ ಖಾಸಗಿಯವನ ದಾರಿಯಲ್ಲೇ ನಡೆಯುವುದಾದರೆ ಅದನ್ನು ಸಾರ್ವಜನಿಕ ಎನ್ನುವುದೇಕೆ?

ಇಂದಿನ ಮಗುವಿಗೆ ಹಜಾರವೂ ಇಲ್ಲ. ಒಂದೇ ಮನೆಯಲ್ಲಿ ನಾಲ್ಕು ಫೋನು, ನಾಲ್ಕರಲ್ಲೂ ಬೇರೆ ಬೇರೆ ಜಾಹೀರಾತು. ಮಗು ಏನು ನೋಡಿತು, ಎಷ್ಟು ಹೊತ್ತು ನೋಡಿತು ಎಂಬುದರ ಲೆಕ್ಕ ಇಟ್ಟು, ಅದರ ಬಯಕೆಗೆ ತಕ್ಕಂತೆ ಬಲೆ ಬೀಸುತ್ತಾರೆ. ಹಿಂದೆ ಅಪ್ಪ ನಾಚಿದ್ದು ಹತ್ತು ಜನರ ನಡುವೆ, ಸಂಜೆ ಜಗುಲಿಯಲ್ಲಿ ಅದನ್ನು ಹೇಳಿಕೊಂಡು ಹಗುರಾಗಬಹುದಿತ್ತು. ಈಗ ಯಾವ ಮಗು ಯಾವುದಕ್ಕೆ ಆಸೆಪಟ್ಟಿತು ಎಂಬುದು ಪಕ್ಕದಲ್ಲಿ ಕುಳಿತ ತಾಯಿಗೂ ತಿಳಿಯುವುದಿಲ್ಲ.

ಇದಕ್ಕೆ ಕಾನೂನಿನಿಂದ ಏನೂ ಮಾಡಲಾಗದು ಎನ್ನುವವರಿಗೆ ಎರಡು ಉದಾಹರಣೆ. ಕೆನಡಾದ ಕ್ವಿಬೆಕ್ ಪ್ರಾಂತ 1980ರಿಂದ ಹದಿಮೂರು ವರ್ಷಕ್ಕೆ ಕೆಳಗಿನ ಮಕ್ಕಳನ್ನು ಗುರಿಮಾಡುವ ಜಾಹೀರಾತನ್ನು ನಿಷೇಧಿಸಿದೆ. ಆಟದ ಸಾಮಾನಿನ ಕಂಪೆನಿಯೊಂದು ನ್ಯಾಯಾಲಯಕ್ಕೆ ಹೋಯಿತು, 1989ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಸ್ವೀಡನ್ನಿನಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಗುರಿಯಿಟ್ಟ ಟಿವಿ ಜಾಹೀರಾತು 1991ರಿಂದ ಇಲ್ಲ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಕೆಳಗೆ 2022ರ ಜೂನಿನಲ್ಲಿ ನಿಯಮಾವಳಿ ಬಂದಿದೆ. ಮಕ್ಕಳ ಕಾರ್ಯಕ್ರಮದ ನಡುವೆ ಕುರುಕಲು ತಿಂಡಿ, ಗ್ಯಾಸಿನ ಪಾನೀಯಗಳ ಜಾಹೀರಾತು ಕೂಡದು ಎಂದು ಅದರಲ್ಲಿದೆ. ಮಗು ನೋಡುತ್ತಿರುವುದು ಅಪ್ಪನ ಫೋನಿನಲ್ಲಿ ಬರುವ, ಯಾರಿಗೆಂದು ಗೊತ್ತಿಲ್ಲದ ಕಾರ್ಯಕ್ರಮ. ಅದು ಮಕ್ಕಳ ಕಾರ್ಯಕ್ರಮವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಈ ಸಂದನ್ನು ಮುಚ್ಚಬೇಕೆಂದು ನಮ್ಮ ಶಾಸಕರನ್ನೂ ಲೋಕಸಭಾ ಸದಸ್ಯರನ್ನೂ ಕೇಳುವ ಕೆಲಸ ಈ ಕೂಟದ ಕೈಯಲ್ಲಿ ಆಗುವಂಥದು.

ಭಾಷಣಕ್ಕೆ ಮುಂಚೆ ಒಬ್ಬ ತರುಣರು ಕೇಳಿದರು, ಹಾಗಾದರೆ ಹಳೆಯ ಜಾಹೀರಾತುಗಳನ್ನು ನೋಡಬಾರದೆ ಎಂದು. ಖಂಡಿತ ನೋಡಿ. ಒಬ್ಬರೇ ನೋಡಬೇಡಿ. ಮುಂದಿನ ತಿಂಗಳು ಇದೇ ಹಜಾರದಲ್ಲಿ ಒಂದು ಬಿಳಿಯ ಬಟ್ಟೆ ಕಟ್ಟಿ, ಹತ್ತಿಪ್ಪತ್ತು ಹಳೆಯವನ್ನು ತೋರಿಸೋಣ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಮನೆಯ ಹೆಂಗಸರನ್ನು ಕರೆದುಕೊಂಡು ಬನ್ನಿ. ಆಗ ಕಿಟಕಿಯ ಆಚೆಗೆ ನಿಂತಿದ್ದವರನ್ನು ಮುಖ್ಯವಾಗಿ ಕರೆಯಿರಿ, ಮುಂದಿನ ಸಾಲು ಅವರಿಗೆ. ಒಂದೊಂದು ಜಾಹೀರಾತು ಮುಗಿದ ಮೇಲೆ, ಆ ವಸ್ತು ನಿಮ್ಮ ಮನೆಗೆ ಯಾವ ವರ್ಷ ಬಂತು, ಯಾವ ಬೆಳೆಯ ಹಣದಲ್ಲಿ ಬಂತು, ಬರದೆಯೇ ಹೋಯಿತೇ ಎಂದು ಅವರನ್ನು ಕೇಳೋಣ. ಬರೆದುಕೊಳ್ಳಲು ಒಂದು ನೋಟ್‌ಬುಕ್ಕು ನಾನು ತರುತ್ತೇನೆ.